ಮೇಷ್ಟ್ರು ಮೊದಲು ಆಡಲಿ

(ಬೆಂಗಳೂರಿನ ಬಸವನಗುಡಿಯಲ್ಲಿ ಬಿ.ಎಡ್., ಡಿ.ಎಲ್.ಎಡ್. ಪ್ರಶಿಕ್ಷಣಾರ್ಥಿಗಳು, ಅಂದರೆ ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವವರು, ಮತ್ತು ಅವರ ಅಧ್ಯಾಪಕರ ಮುಂದೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಕೆಲವು ಪ್ರಶ್ನೋತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕುರ್ಚಿಗಳನ್ನು ಸಾಲಾಗಿ ಹಾಕಿದ್ದಾರೆ, ನನ್ನ ಕೈಗೆ ಮೈಕ್ ಕೊಟ್ಟಿದ್ದಾರೆ. ಆಟದ ಬಗ್ಗೆ ಮಾತಾಡಲು ಇದಕ್ಕಿಂತ ಕೆಟ್ಟ ಏರ್ಪಾಡು ಇರಲಿಕ್ಕಿಲ್ಲ. ಆದರೆ ನಮ್ಮ ತರಬೇತಿ ಕಾಲೇಜುಗಳಲ್ಲಿ ಆಟದ ಪಾಠ ನಡೆಯುವುದು ಹೀಗೇ ಅಲ್ವಾ? 'ಆಟದ ಮೂಲಕ ಕಲಿಕೆ' ಅಂತ ಬೋರ್ಡಿನ ಮೇಲೆ ಬರೆಯುತ್ತಾರೆ. ಅದರ ಕೆಳಗೆ ಅನುಕೂಲಗಳು, ಅದರ ಕೆಳಗೆ ಮಿತಿಗಳು. ನೀವು ನೋಟ್ಸ್ ಬರೆದುಕೊಳ್ಳುತ್ತೀರಿ. ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತದೆ, ಉತ್ತರ ಬರೆದು ಅಂಕ ತೆಗೆಯುತ್ತೀರಿ. ಎರಡು ವರ್ಷ ಕಳೆದರೂ ಒಂದು ಸಲ ಆಡಿರುವುದಿಲ್ಲ.

ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿರುವುದು ಒಂದೇ ವಿಷಯ. ತರಬೇತಿಯಲ್ಲಿ ಆಟ, ನಾಟಕ, ಚಿತ್ರ, ಹಾಡು ಇರಬೇಕಾದ್ದು ನೀವು ಮುಂದೆ ಮಕ್ಕಳನ್ನು ಖುಷಿಪಡಿಸಲಿ ಅಂತಲ್ಲ. ಖುಷಿಪಡುವುದಕ್ಕೆ ಮಕ್ಕಳಿಗೆ ನಮ್ಮ ನೆರವು ಬೇಕಾಗಿಲ್ಲ, ಹತ್ತು ನಿಮಿಷ ಹೊರಗೆ ಬಿಟ್ಟರೆ ಸಾಕು. ಇವೆಲ್ಲ ಬೇಕಾಗಿರುವುದು ನಿಮಗೆ. ಎದುರಿಗಿರುವ ಮಗುವನ್ನು ಸರಿಯಾಗಿ ನೋಡುವುದು, ಅದು ಉತ್ತರ ಹುಡುಕುತ್ತಿರುವಾಗ ಬಾಯಿ ಹಾಕದೆ ಕಾಯುವುದು, ಯೋಚಿಸಿಕೊಂಡು ಬಂದ ಪಾಠ ಕೈತಪ್ಪಿದಾಗ ನಿಂತಲ್ಲೇ ಇನ್ನೊಂದು ದಾರಿ ಹುಡುಕುವುದು. ಇವನ್ನು ನೋಟ್ಸಿನಿಂದ ಕಲಿತವರನ್ನು ನಾನಂತೂ ನೋಡಿಲ್ಲ.

ಕಾಗದದ ಮೇಲೆ ನಮಗೆ ಕೊರತೆಯೇನೂ ಇಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದಾಗ ಕಲೆ, ಸಂಗೀತ, ನೃತ್ಯ, ರಂಗಭೂಮಿಗೆಂದೇ ಒಂದು ಪ್ರತ್ಯೇಕ ವರದಿ ಬಂತು. 2014ರಲ್ಲಿ ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ ನಿಯಮ ಬದಲಾಗಿ ಬಿ.ಎಡ್. ಎರಡು ವರ್ಷದ ಕೋರ್ಸ್ ಆಯಿತು. ಶಾಲೆಯಲ್ಲಿ ಕಳೆಯುವ ಹೊತ್ತು, ಅಂದರೆ ಇಂಟರ್ನ್‌ಶಿಪ್, 20 ವಾರಕ್ಕೆ ಏರಿತು. 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಅಂತ ಒಂದು ವಿಷಯವೇ ಒಳಗೆ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಪಾಠದೊಳಗೇ ಬೆರೆಸಿ ಅನ್ನುತ್ತದೆ. 2022ರಲ್ಲಿ ಬಂದ ಬುನಾದಿ ಹಂತದ ಚೌಕಟ್ಟು 3ರಿಂದ 8 ವರ್ಷದ ಮಕ್ಕಳ ಕಲಿಕೆಗೆ ಆಟವೇ ಆಧಾರ ಅನ್ನುತ್ತದೆ.

ಕಾಲೇಜಿಗೆ ಬಂದರೆ ಇದೆಲ್ಲ ಒಂದು ರೆಕಾರ್ಡ್ ಪುಸ್ತಕವಾಗಿರುತ್ತದೆ. ವಾರ್ಲಿ ಚಿತ್ರ ಒಂದು ಪುಟ, ರಂಗೋಲಿ ಒಂದು ಪುಟ, ನಾಟಕ ನೋಡಿದ ವರದಿ ಎರಡು ಪುಟ. ಹಿಂದಿನ ಬ್ಯಾಚಿನ ಅಕ್ಕನ ರೆಕಾರ್ಡ್ ಇಸ್ಕೊಂಡು ಬಂದರೆ ರಾತ್ರಿ ಕೂತು ಇಳಿಸಬಹುದು. ಬೋಧನಾಭ್ಯಾಸ ಶುರುವಾದರೆ ಚಾರ್ಟು, ಥರ್ಮಾಕೋಲು ಬೇಕು, ಅವೆನ್ಯೂ ರೋಡಿಗೆ ಹೋಗಿ ಬರುತ್ತೀರಿ. ಜ್ವಾಲಾಮುಖಿಯ ಮಾದರಿಯನ್ನು ಮೇಜಿನ ಮೇಲಿಟ್ಟು 'ಮಕ್ಕಳೇ, ಇದೇನು?' ಅಂತ ಕೇಳುತ್ತೀರಿ. ಮಕ್ಕಳು 'ಜ್ವಾಲಾಮುಖಿ ಮಿಸ್' ಅನ್ನುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತ ವೀಕ್ಷಕರು 'ಪಾಠೋಪಕರಣದ ಬಳಕೆ: ಉತ್ತಮ' ಅಂತ ಗುರುತು ಹಾಕಿಕೊಳ್ಳುತ್ತಾರೆ. ಪಾಠ ಮುಗಿದ ಮೇಲೂ ಮಕ್ಕಳಿಗೆ ಅದನ್ನು ಮುಟ್ಟಲು ಬಿಡುವುದಿಲ್ಲ. ನಾಳೆ ಇನ್ನೊಂದು ಶಾಲೆಯಲ್ಲಿ ಪಾಠ ಇದೆಯಲ್ಲ!

ಇದಕ್ಕೆ ತದ್ವಿರುದ್ಧವಾಗಿ ನಡೆದದ್ದೂ ನಮ್ಮ ರಾಜ್ಯದಲ್ಲೇ ಇದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋಗಿ ಬಂದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿದರು. ಯುನಿಸೆಫ್ ನೆರವಿಗಿತ್ತು. ವಾಪಸ್ ಬಂದವರು ಕೂತು ಹಾಡು, ಕಥೆ, ಆಟ, ಕಾರ್ಡುಗಳನ್ನು ತಾವೇ ಹೊಸೆದರು. ನಲಿ-ಕಲಿ ಶುರುವಾಗಿದ್ದು ಹಾಗೆ. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆಲ್ಲ ಬಂತು. ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ, ಯಾವ ಗುಂಪು ಎಲ್ಲಿ ಕೂರಬೇಕು ಅಂತ ತೋರಿಸುವ ಗುಂಪಿನ ತಟ್ಟೆ, ಮಕ್ಕಳ ಕೈಕೆಲಸ ತೂಗುಹಾಕುವ ಚಪ್ಪರ, ಗೋಡೆಯ ಕೆಳಗೆ ಮಕ್ಕಳ ಕೈಗೆಟಕುವ ಕರಿಹಲಗೆ. ಇಂಟರ್ನ್‌ಶಿಪ್ಪಿಗೆ ಹೋದವರು ಇವನ್ನೆಲ್ಲ ನೋಡಿರುತ್ತೀರಿ.

ಕೂತು ಹೊಸೆದವರ ತರಗತಿಗೂ ಪೆಟ್ಟಿಗೆಯಲ್ಲಿ ಅಚ್ಚಾಗಿ ಬಂದ ಕಾರ್ಡು ಬಿಚ್ಚಿದವರ ತರಗತಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಹೊಸೆದವರಿಗೆ ಯಾವ ಕಾರ್ಡು ಯಾಕಿದೆ ಅಂತ ಗೊತ್ತು. ಬೇಡ ಅನ್ನಿಸಿದ ದಿನ ಅದನ್ನು ಪಕ್ಕಕ್ಕಿಟ್ಟು ಬೇರೇನೋ ಮಾಡುತ್ತಾರೆ. ಪೆಟ್ಟಿಗೆ ಬಿಚ್ಚಿದವರು ಏಣಿಯ ಮೈಲಿಗಲ್ಲಿಗೆ ಟಿಕ್ ಹಾಕಿ ಮುಂದಕ್ಕೆ ಹೋಗುತ್ತಾರೆ. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಹೊಸೆಯುವ ಅವಕಾಶವನ್ನೇ ಅವರಿಗೆ ಯಾರೂ ಕೊಡಲಿಲ್ಲ. ಹೊಸ ಶಿಕ್ಷಕರಿಗೆ ಅದು ಸಿಗಬೇಕಾದ ಜಾಗ ತರಬೇತಿ ಕಾಲೇಜು.

ಈಗ ಆಟಗಳಿಗೆ ಬರೋಣ. ತುಂಬಾ ಸಾದಾ ಆಟದಿಂದ ಶುರು ಮಾಡುತ್ತೇನೆ.

ಕನ್ನಡಿ ಆಟ. ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬರು ಕೈ ಎತ್ತಿದರೆ ಇನ್ನೊಬ್ಬರು ಕನ್ನಡಿಯೊಳಗೆ ಕಂಡಂತೆ ಅದನ್ನೇ ಮಾಡಬೇಕು. ಮಾತಿಲ್ಲ. ಶುರುವಾದ ಕೂಡಲೇ ಮುಂದಾಳುಗಳು ಎದುರಿನವರನ್ನು ಸೋಲಿಸಲು ನೋಡುತ್ತಾರೆ. ಬಿರುಸಾಗಿ ಕೈ ಬೀಸುತ್ತಾರೆ, ತಟ್ಟನೆ ಕೂರುತ್ತಾರೆ, ಎದುರಿನವರು ತಡವರಿಸಿದರೆ ನಗುತ್ತಾರೆ. ಸ್ವಲ್ಪ ಹೊತ್ತು ಹಾಗೇ ಬಿಡುತ್ತೇನೆ. ಆಮೇಲೆ ಒಂದೇ ನಿಯಮ ಸೇರಿಸುತ್ತೇನೆ: ಹೊರಗಿನಿಂದ ನೋಡುವವರಿಗೆ ಯಾರು ಮುಂದಾಳು ಅಂತ ಗೊತ್ತಾಗಬಾರದು.

ಆಗ ಆಟವೇ ಬೇರೆಯಾಗುತ್ತದೆ. ಮುಂದಾಳು ನಿಧಾನವಾಗಲೇಬೇಕು. ಎದುರಿನವರ ಕಣ್ಣು ಎಲ್ಲಿದೆ, ಮೊಣಕೈ ಎಷ್ಟು ಮಡಿಯುತ್ತದೆ, ಉಸಿರು ಯಾವಾಗ ಬಿಡುತ್ತಾರೆ ಅಂತ ನೋಡಲೇಬೇಕು. ಹತ್ತು ನಿಮಿಷ ಆಡಿದ ಮೇಲೆ ಕೂರಿಸಿ ಕೇಳುತ್ತೇನೆ: ನಿನ್ನೆ ಭಿನ್ನರಾಶಿ ಪಾಠ ಮಾಡಿದಿರಲ್ಲ, ಆಗ ನಿಮ್ಮ ಜೊತೆ ಎಷ್ಟು ಮಕ್ಕಳ ಕೈ ಏಳುತ್ತಿತ್ತು? ಯಾರ ಕೈ ನಿಂತೇಹೋಗಿತ್ತು? ಉತ್ತರ ಕೂಡಲೇ ಬರುವುದಿಲ್ಲ. ಮಾರನೇ ದಿನದ ಪಾಠದಲ್ಲಿ ಬರುತ್ತದೆ. ಮಾತಿನ ಮಧ್ಯೆ ಸುಮ್ನೆ ಒಂದು ಕ್ಷಣ ನಿಂತು ಹಿಂದಿನ ಸಾಲಿನ ಕಡೆ ನೋಡುವುದನ್ನು ಶುರು ಮಾಡಿರುತ್ತಾರೆ.

ಎರಡನೆಯದು ಬೆಂಗಳೂರಿಗೆ ಬೇಕೇಬೇಕಾದ ಆಟ. ಇದರ ಮೂಲ ಅಮೆರಿಕದ ಶಿಕಾಗೋ ನಗರದಲ್ಲಿದೆ. ವಯೋಲಾ ಸ್ಪೋಲಿನ್ ಎಂಬ ರಂಗಕರ್ಮಿ 1930ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಬಡಾವಣೆಗಳಲ್ಲಿ ವಲಸೆ ಬಂದವರ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದರು. ಒಂದೊಂದು ಮನೆಯಲ್ಲಿ ಒಂದೊಂದು ಭಾಷೆ. ನಿರ್ದೇಶಕರು ಹೇಳಿದ್ದು ನಟರಿಗೆ ತಿಳಿಯಬೇಕಲ್ಲ? ಭಾಷೆಯ ಹಂಗಿಲ್ಲದ ಆಟಗಳನ್ನು ಅವರು ಕಟ್ಟಿದರು. ಇವತ್ತು ಜಗತ್ತಿನ ಎಲ್ಲ ಕಡೆ ರಂಗಶಾಲೆಗಳಲ್ಲಿ ಆಡಿಸುವ ಎಷ್ಟೋ ಆಟಗಳು ಅಲ್ಲಿಂದ ಬಂದವು. ಅವುಗಳಲ್ಲಿ ಒಂದು, ಅರ್ಥವೇ ಇಲ್ಲದ ಭಾಷೆಯಲ್ಲಿ ಮಾತಾಡುವುದು.

ನಾನು ಅದನ್ನು ಹೀಗೆ ಆಡಿಸುತ್ತೇನೆ. ಒಬ್ಬ ಪ್ರಶಿಕ್ಷಣಾರ್ಥಿ ಮುಂದೆ ಬಂದು ಕಾಗದದ ದೋಣಿ ಮಾಡುವುದನ್ನು ಕಲಿಸಬೇಕು. ಕನ್ನಡ ಇಲ್ಲ, ಇಂಗ್ಲಿಷ್ ಇಲ್ಲ, ಗೊತ್ತಿರುವ ಯಾವ ಭಾಷೆಯೂ ಇಲ್ಲ. ಬಾಯಿಗೆ ಬಂದ ಸದ್ದು ಅಷ್ಟೇ. ದೋಣಿಯನ್ನು ಮಾಡಿ ತೋರಿಸುವ ಹಾಗೂ ಇಲ್ಲ, ಕಾಗದ ಕಲಿಯುವವರ ಕೈಯಲ್ಲಿ ಮಾತ್ರ. ಮೊದಲು ಏನಾಗುತ್ತದೆ ಗೊತ್ತಾ? ದನಿ ಏರುತ್ತದೆ. ಅರ್ಥವೇ ಇಲ್ಲದ ಪದವನ್ನು ಇನ್ನೂ ಜೋರಾಗಿ ಹೇಳಿದರೆ ಅರ್ಥವಾಗುತ್ತದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಹೆಚ್ಚುಕಮ್ಮಿ ಎಲ್ಲರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಆಮೇಲೆ ಕೈ ಬರುತ್ತದೆ, ಮುಖ ಬರುತ್ತದೆ. ಕಲಿಯುವವರು ಸರಿಯಾಗಿ ಮಡಚಿದಾಗ ಒಂದು ಖುಷಿಯ ಸದ್ದು ಬರುತ್ತದೆ. ಕೊನೆಗೆ ದೋಣಿಯೂ ಬರುತ್ತದೆ, ಒಂದಿಷ್ಟು ಸೊಟ್ಟಗೆ.

ಅದರ ಎರಡನೇ ಭಾಗ ಮುಖ್ಯ. ಇಬ್ಬರನ್ನು ಹೊರಗೆ ಕಳಿಸಿ, ಉಳಿದವರೆಲ್ಲ ಸೇರಿ ಒಂದು ಹೊಸ ಭಾಷೆಯ ಹತ್ತಾರು ಪದ ಕಟ್ಟಿಕೊಳ್ಳುತ್ತಾರೆ. ಕೂರು, ಬರೆ, ಹೌದು, ಜಾಣ, ಆಮೇಲೆ ಒಂದು ಜೋಕು. ಇಬ್ಬರನ್ನೂ ಒಳಗೆ ಕರೆದು ಕೂರಿಸಿ ಆ ಭಾಷೆಯಲ್ಲೇ ಕಾಲು ಗಂಟೆ ಪಾಠ. ಒಮ್ಮೆ ಹಾಗೆ ಕೂತಿದ್ದ ಹುಡುಗಿ ಆಟ ಮುಗಿದ ಮೇಲೆ ಹೇಳಿದಳು: 'ಎಲ್ಲರೂ ನಕ್ಕಾಗ ನಾನೂ ನಕ್ಕೆ ಸರ್. ಯಾಕೆ ಅಂತ ಗೊತ್ತಿರಲಿಲ್ಲ.'

ಯಲಹಂಕ, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಯಾವ ಕಡೆಯ ಸರ್ಕಾರಿ ಶಾಲೆಗಾದರೂ ಹೋಗಿ. ಕಟ್ಟಡ ಕೆಲಸದವರ ಶೆಡ್ಡುಗಳಿಂದ ಬರುವ ಮಕ್ಕಳಿರುತ್ತಾರೆ. ಬಿಹಾರದವರು, ಒಡಿಶಾದವರು, ರಾಯಚೂರು, ಯಾದಗಿರಿಯವರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಮನೆಮಾತು ತಮಿಳೋ ತೆಲುಗೋ ಉರ್ದುವೋ ಆಗಿರಬಹುದು. ಎಲ್ಲರೂ ನಕ್ಕಾಗ ನಗುವ, ಎಲ್ಲರೂ ಎದ್ದಾಗ ಏಳುವ ಒಂದು ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಆ ಮಗುವಿನ ಬಗ್ಗೆ ನಿಮ್ಮ ವೀಕ್ಷಣಾ ವರದಿಯಲ್ಲಿ 'ಪಾಠದಲ್ಲಿ ಭಾಗವಹಿಸಿತು' ಅಂತ ಬರೆದಿರುತ್ತೀರಿ. ಆ ಕಾಲು ಗಂಟೆ ಕೂತು ಬಂದವರು ಹಾಗೆ ಬರೆಯುವ ಮುಂಚೆ ಒಂದು ಸಲ ಯೋಚಿಸುತ್ತಾರೆ.

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ಬೇರೆ ಭಾಷೆ ಯಾಕೆ, ಕನ್ನಡವೇ ಸಾಕು. ಉತ್ತರ ಕರ್ನಾಟಕದ ಕಡೆಯ ಮಗು 'ಹೋಗಾಕತ್ತೀನ್ರೀ' ಅಂದರೆ ಇಲ್ಲಿನ ಮಕ್ಕಳು ನಗುತ್ತಾರೆ. ಮಕ್ಕಳು ನಗಲಿ, ಅವರು ಮಕ್ಕಳು. ಟೀಚರೂ ನಕ್ಕುಬಿಡುತ್ತಾರಲ್ಲ, ಅದು ನನಗೆ ಸಹಿಸುವುದಕ್ಕಾಗುವುದಿಲ್ಲ.

ಮೂರನೆಯದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಇಂಗ್ಲೆಂಡಿನಲ್ಲಿ ಡೊರೊಥಿ ಹೀತ್‌ಕೋಟ್ ಎಂಬ ಶಿಕ್ಷಕಿ ಇದ್ದರು. 14ನೇ ವಯಸ್ಸಿಗೆ ಶಾಲೆ ಬಿಟ್ಟು ಉಣ್ಣೆ ಗಿರಣಿಯಲ್ಲಿ ನೇಯ್ಗೆಗೆ ಸೇರಿದವರು. ಆಮೇಲೆ ನಾಟಕ ಕಲಿತು, ನ್ಯೂಕ್ಯಾಸಲ್‌ನಲ್ಲಿ ಹಲವು ತಲೆಮಾರಿನ ಶಿಕ್ಷಕರಿಗೆ ಪಾಠ ಹೇಳಿದರು. 2011ರಲ್ಲಿ ತೀರಿಕೊಂಡರು. ತರಗತಿಯಲ್ಲಿ ಶಿಕ್ಷಕರು ತಾವೇ ಒಂದು ಪಾತ್ರವಾಗಿ ಮಕ್ಕಳ ನಡುವೆ ಇಳಿಯುವುದು ಅವರ ದಾರಿ. ವೇದಿಕೆ ಇಲ್ಲ, ಬಣ್ಣ ಇಲ್ಲ, ಡೈಲಾಗು ಬಾಯಿಪಾಠ ಇಲ್ಲ. ಪಾತ್ರದ ಮುಂದೆ ಒಂದು ಕಷ್ಟ ಇರುತ್ತದೆ, ಅದನ್ನು ಮಕ್ಕಳು ಬಿಡಿಸಬೇಕು.

ಕೋಲಾರದ ಕಡೆಯ ಒಬ್ಬ ಪ್ರಶಿಕ್ಷಣಾರ್ಥಿ ಬೆಂಗಳೂರಿನ ಶಾಲೆಯೊಂದರಲ್ಲಿ 5ನೇ ತರಗತಿಗೆ ಕೆರೆಯ ಪಾಠ ಮಾಡಬೇಕಿತ್ತು. ಅವಳು ಹೆಗಲ ಮೇಲೆ ಒಂದು ಟವೆಲ್ ಹಾಕಿಕೊಂಡು ನೀರಗಂಟಿಯಾದಳು. ನಿಮ್ಮಲ್ಲಿ ಎಷ್ಟೋ ಜನಕ್ಕೆ ನೀರಗಂಟಿ ಯಾರು ಅಂತ ಗೊತ್ತಿರಲಿಕ್ಕಿಲ್ಲ. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ನೀರು ಅಂತ ಪಾಲು ಮಾಡುವುದು, ಏರಿ ಬಿರುಕು ಬಿಟ್ಟಿದೆಯಾ ಅಂತ ನೋಡುವುದು ಊರಲ್ಲಿ ಅವನ ಕೆಲಸ. ಬೆಂಚುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕೆರೆ ಬರೆದಳು. ಏರಿ, ತೂಬು, ಕೋಡಿ, ಕೆಳಗೆ ಅಚ್ಚುಕಟ್ಟು. ಮಕ್ಕಳಿಗೆ ಚೀಟಿ ಹಂಚಿದಳು: ಮೇಲಿನ ಗದ್ದೆಯವರು, ಕೊನೆಗದ್ದೆಯವರು, ದನ ಇರುವವರು, ಬಟ್ಟೆ ಒಗೆಯುವವರು, ಮಡಕೆ ಮಾಡುವವರು, ಮೀನು ಹಿಡಿಯುವವರು. ಟವೆಲ್ ಹೆಗಲ ಮೇಲಿದ್ದರೆ ನಾನು ನೀರಗಂಟಿ, ತೆಗೆದರೆ ನಿಮ್ಮ ಮಿಸ್. ಇಷ್ಟು ಹೇಳಿ ಟವೆಲ್ ಹಾಕಿಕೊಂಡಳು.

'ಈ ವರ್ಷ ಮಳೆ ಕೈಕೊಟ್ಟಿದೆ. ಕೆರೆಯಲ್ಲಿ ಅರ್ಧ ನೀರೂ ಇಲ್ಲ. ಯಾರಿಗೆ ಮೊದಲು ಬಿಡಲಿ, ನೀವೇ ಹೇಳಿ.'

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಶುರುವಾಯಿತು. ಮೇಲಿನ ಗದ್ದೆಯವರು ನಮ್ಮದೇ ಹತ್ತಿರ, ನಮಗೇ ಮೊದಲು ಅಂದರು. ಕೊನೆಗದ್ದೆಯ ಹುಡುಗಿಯೊಬ್ಬಳು 'ನಮಗೆ ಬರೋ ಹೊತ್ತಿಗೆ ನೀರೇ ಇರಲ್ಲ, ಈ ಸಲ ಕೆಳಗಿನಿಂದ ಶುರು ಮಾಡಿ' ಅಂದಳು. ಎಲ್ಲ ನೀರನ್ನೂ ಗದ್ದೆಗೇ ಬಿಟ್ಟರೆ ನನ್ನ ಮೀನು ಸಾಯುತ್ತವೆ ಅಂತ ಒಬ್ಬ. ಅಷ್ಟರಲ್ಲಿ ಇನ್ನೊಬ್ಬ ಆಟದಿಂದ ಅರ್ಧ ಹೊರಗೆ ಬಂದು ಹೇಳಿದ: 'ನಮ್ಮ ಬೀದೀಲೂ ಹಿಂಗೇ. ನೀರು ಬಿಡೋ ಅಂಕಲ್ ಮೇಲಿನ ಕ್ರಾಸಿಗೇ ಮೊದಲು ಬಿಡ್ತಾರೆ.' ಪಾಠ ಅಲ್ಲಿ ಕೂತುಕೊಂಡಿತು. ಕೆರೆಯ ಉಪಯೋಗಗಳು ಅಂತ ಐದು ಅಂಶ ಬರೆಸಿದ್ದರೆ ಆ ಹುಡುಗನ ಬೀದಿ ಪಾಠದೊಳಗೆ ಬರುತ್ತಿರಲಿಲ್ಲ.

ಕೊನೆಯಲ್ಲಿ ಅವಳು ಟವೆಲ್ ತೆಗೆದು ಬೆಂಗಳೂರಿನ ಕೆರೆಗಳ ಕಥೆ ಹೇಳಿದಳು. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಆಗ ಒಬ್ಬ ಹುಡುಗ ಎದ್ದು ನಿಂತ. 'ಮಿಸ್, ಬಸ್ ಸ್ಟ್ಯಾಂಡ್ ಮಾಡಿದಾಗ ಆ ನೀರಗಂಟಿ ಏನ್ ಕೆಲಸಕ್ಕೆ ಹೋದ?' ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ. ಅವಳು ಅದನ್ನು ಮುಚ್ಚಿಡಲಿಲ್ಲ. 'ನನಗೂ ಗೊತ್ತಿಲ್ಲ ಕಣೋ, ನಿಮ್ಮ ಬೀದಿಯಲ್ಲಿ ವಯಸ್ಸಾದವರು ಯಾರಾದರೂ ಇದ್ದರೆ ಕೇಳಿಕೊಂಡು ಬಾ, ನಾನೂ ಊರಲ್ಲಿ ಕೇಳಿ ಬರುತ್ತೇನೆ' ಅಂದಳು. ಅವತ್ತಿನ ವೀಕ್ಷಕರು ಹಾಳೆಯಲ್ಲಿ 'ತರಗತಿ ನಿಯಂತ್ರಣ: ಸುಧಾರಿಸಬೇಕು' ಅಂತ ಬರೆದಿದ್ದರು.

ಇದನ್ನು ಕೇಳಿ ಸುಲಭ ಅಂದುಕೊಳ್ಳಬೇಡಿ. ಆ ನಲವತ್ತು ನಿಮಿಷಕ್ಕೆ ಅವಳು ಮಾಮೂಲಿ ಪಾಠಯೋಜನೆಯ ಎರಡರಷ್ಟು ತಯಾರಿ ಮಾಡಿದ್ದಳು. ಯಾವ ಚೀಟಿ ಯಾರ ಕೈಗೆ ಹೋಗಬೇಕು, ಜಗಳ ಅತಿಯಾದರೆ ಟವೆಲ್ ಯಾವಾಗ ತೆಗೆಯಬೇಕು, ಯಾರೂ ಬಾಯಿ ಬಿಡದಿದ್ದರೆ ನೀರಗಂಟಿ ಏನು ಮಾಡಬೇಕು, ಎಲ್ಲ ಯೋಚಿಸಿದ್ದಳು. ಅದಕ್ಕೂ ಮೊದಲು ಅದೇ ಆಟವನ್ನು ಕಾಲೇಜಿನಲ್ಲಿ ಗೆಳತಿಯರ ಜೊತೆ ಆಡಿ ನೋಡಿದ್ದಳು. ಗೆಳತಿಯರು ಬೇಕಂತಲೇ ತರಲೆ ಮಾಡಿದ್ದರು, ಅದೂ ಒಳ್ಳೆಯದೇ ಆಯಿತು.

ಗಣಿತಕ್ಕೆ ನಾನು ಚೌಕಾಬಾರ ತರುತ್ತೇನೆ, ಕವಡೆ ಹಾಕಿ ಚೌಕದ ಮನೆಗಳಲ್ಲಿ ಕಾಯಿ ನಡೆಸುವ ಆಟ. ಊರಿನಿಂದ ಬಂದವರಿಗೆ ಗೊತ್ತಿರುತ್ತದೆ, ಅಪಾರ್ಟ್‌ಮೆಂಟಿನಲ್ಲಿ ಬೆಳೆದವರಿಗೆ ಗೊತ್ತಿರುವುದಿಲ್ಲ. ಕವಡೆ ಸಿಗದಿದ್ದರೆ ಹುಣಸೆ ಬೀಜ. ಕಲ್ಲಿಗೆ ಒಂದು ಕಡೆ ಉಜ್ಜಿದರೆ ಬಿಳಿ ಬರುತ್ತದೆ. ನಾಲ್ಕು ಬೀಜ ಹಾಕಿದಾಗ ಎಷ್ಟು ಬಿಳಿ ಮೇಲಿದೆಯೋ ಅಷ್ಟು ಮನೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ಒಂದೂ ಬೀಳದಿದ್ದರೆ ಬಾರ, ಎಂಟು ಮನೆ. ಮೊದಲ ಅರ್ಧ ಗಂಟೆ ನಿಯಮದ ಜಗಳದಲ್ಲೇ ಹೋಗುತ್ತದೆ. 'ನಮ್ಮನೇಲಿ ಹಿಂಗಲ್ಲ, ಒಂದು ಕಾಯಿ ಹೊಡೆದರೆ ಮಾತ್ರ ಒಳಗೆ ಹೋಗೋದು' ಅಂತ ಒಬ್ಬರು, ಹಾಗೇನಿಲ್ಲ ಅಂತ ಇನ್ನೊಬ್ಬರು. ನಾನು ತೀರ್ಪು ಹೇಳುವುದಿಲ್ಲ. ಗುಂಪು ಕೂತು ತನ್ನ ನಿಯ‌ಮ ತಾನೇ ಬರೆದುಕೊಳ್ಳಬೇಕು.

ಆಡಿ ಆಡಿ ಬಿಸಿ ಏರಿದ ಮೇಲೆ ಒಂದು ಪ್ರಶ್ನೆ: ಎರಡು ಅಷ್ಟು ಸಲ ಬೀಳುತ್ತದೆ, ಬಾರ ಯಾಕೆ ಅಷ್ಟು ಅಪರೂಪ? ಪಟ್ಟಿ ಮಾಡಲು ಬಿಡುತ್ತೇನೆ. ನಾಲ್ಕು ಬೀಜ, ಒಂದೊಂದಕ್ಕೆ ಎರಡು ಮುಖ, ಒಟ್ಟು 16 ಬಗೆ. ಅದರಲ್ಲಿ ಎರಡು ಬೀಳುವ ಬಗೆ 6. ಒಂದು ಬೀಳುವುದು 4, ಮೂರು ಬೀಳುವುದು 4. ಚೌಕಕ್ಕೆ 1, ಬಾರಕ್ಕೆ 1. ಪಟ್ಟಿ ಕೈಗೆ ಬಂದ ಮೇಲೆ ನೂರು ಸಲ ಬೀಜ ಹಾಕಿ ಎಣಿಸುತ್ತಾರೆ. ಲೆಕ್ಕ ಸರಿಹೋಗುವುದಿಲ್ಲ! ಉಜ್ಜಿದ ಬೀಜದ ಎರಡು ಮುಖ ಒಂದೇ ಸಮ ಇರುವುದಿಲ್ಲವಲ್ಲ. ಪುಸ್ತಕದ ಸಂಭವನೀಯತೆಗೂ ಕೈಯಲ್ಲಿರುವ ವಸ್ತುವಿಗೂ ನಡುವೆ ಇರುವ ಅಂತರ ಅಲ್ಲಿ ಕಾಣುತ್ತದೆ. ಆಮೇಲೆ ನಾಣ್ಯ ಹಾಕಿ ನೋಡೋಣ ಅಂತ ಅವರೇ ಹೇಳುತ್ತಾರೆ. ಪದವಿಯಲ್ಲಿ ಗಣಿತ ಓದಿದವರೂ ಈ ಅಂತರವನ್ನು ಕೈಯಾರೆ ಮುಟ್ಟಿರುವುದಿಲ್ಲ.

ಒಂದು ಎಚ್ಚರ. ಆಟಕ್ಕೆ ಬಿಸಿ ಏರುವ ಮುಂಚೆಯೇ ಪ್ರಶ್ನೆ ಕೇಳಿದರೆ ಎರಡೂ ಕೆಡುತ್ತವೆ, ಆಟವೂ ಪಾಠವೂ. ಇದನ್ನು ಸರಿಯಾಗಿ ಹಿಡಿಯಲು ಸುಮಾರು ಸಲ ಆಡಿಸಬೇಕಾಗುತ್ತದೆ.

ಚಿತ್ರದ ಬಗ್ಗೆ ಬೇಗ ಮುಗಿಸುತ್ತೇನೆ. 'ನನಗೆ ಚಿತ್ರ ಬರಲ್ಲ' ಅನ್ನದ ಪ್ರಶಿಕ್ಷಣಾರ್ಥಿ ನನಗೆ ಸಿಕ್ಕಿಲ್ಲ. ಬರೆಯಿರಿ ಅಂದರೆ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಮನೆ, ಒಂದು ತೆಂಗಿನಮರ. ಹಾಗಾಗಿ ನಾನು ಚಿತ್ರ ಬರೆಯಿರಿ ಅನ್ನುವುದೇ ಇಲ್ಲ. ಹೊರಗಿನಿಂದ ಒಂದೊಂದು ಹೊಂಗೆ ಎಲೆ ತನ್ನಿ, ಎಲೆಯನ್ನೇ ನೋಡುತ್ತಾ ಕಾಗದ ನೋಡದೆ ಅದರ ಅಂಚು, ನರಗಳ ಉದ್ದಕ್ಕೂ ಪೆನ್ಸಿಲ್ ಓಡಿಸಿ ಅನ್ನುತ್ತೇನೆ. ಬಂದ ಗೆರೆ ವಕ್ರವಕ್ರ. ಆದರೆ ಹುಳ ತಿಂದ ತೂತು, ತೊಟ್ಟಿನ ಬುಡದ ಉಬ್ಬು, ಒಂದು ಪಕ್ಕದ ನರ ಇನ್ನೊಂದರ ಎದುರಿಗೇ ಇಲ್ಲ ಅನ್ನುವುದು, ಎಲ್ಲ ಅದರಲ್ಲಿರುತ್ತದೆ. ವಿಜ್ಞಾನದ ಟೀಚರಿಗೆ ಬೇಕಾಗಿರುವುದು ಈ ಕಣ್ಣು. ಹಾಡಿನ ಬಗ್ಗೆ ಇನ್ನೂ ಚಿಕ್ಕದು: ದಿನಾ ಹತ್ತು ನಿಮಿಷ ಗುಂಪಿನಲ್ಲಿ ಹಾಡಿ, ಹೊಟ್ಟೆಯಿಂದ ಉಸಿರು ತೆಗೆಯುವುದು ಕಲಿಯುತ್ತೀರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಂಟಲು ಕೂತುಹೋಗುವವರು ಎಷ್ಟು ಜನ ಅಂತ ನಿಮ್ಮ ಹಿರಿಯರನ್ನು ಕೇಳಿ ನೋಡಿ.

ಈಗ ಕೆಲವು ಕಹಿ ಮಾತು.

ತರಬೇತಿಗಳಲ್ಲಿ ಊಟ ಆದ ಮೇಲೆ 'ಎನರ್ಜೈಸರ್' ಅಂತ ಒಂದಿರುತ್ತದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿ, ಸಿಂಹದ ಹಾಗೆ ಕೂಗಿ, ಕೂರುತ್ತಾರೆ. ಮತ್ತೆ ಪಿಪಿಟಿ. ಊಟದ ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ. ನಿದ್ದೆ ಬಿಡಿಸಲು ಒಳ್ಳೆಯದು, ನನ್ನ ತಕರಾರಿಲ್ಲ. ಅದನ್ನೇ ಚಟುವಟಿಕೆ ಆಧಾರಿತ ತರಬೇತಿ ಅಂತ ವರದಿಯಲ್ಲಿ ಬರೆಯಬೇಡಿ. ಹಾಗೆಯೇ ವರ್ಷಕ್ಕೊಮ್ಮೆ ಒಬ್ಬ ಕಲಾವಿದರನ್ನು ಕರೆಸಿ, ಎಲ್ಲರನ್ನೂ ಕುಣಿಸಿ, ಗ್ರೂಪ್ ಫೋಟೋ ತೆಗೆಸಿಕೊಂಡು ಕಳಿಸಿದರೆ ಉಳಿಯುವುದು ಫೋಟೋ ಮಾತ್ರ. ಕಲಾವಿದರು ಬರಬೇಕು, ನಾಲ್ಕಾರು ತಿಂಗಳು ಬರಬೇಕು, ನಿಮ್ಮ ಅಧ್ಯಾಪಕರು ಅವರ ಜೊತೆ ಕೂತು ಪಾಠ ಕಟ್ಟಬೇಕು. ಬೆಂಗಳೂರಿನಲ್ಲಿ ಇದಕ್ಕೆ ಬರ ಇಲ್ಲ. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ 'ಕಲಿ-ಕಲಿಸು' ಹೆಸರಿನಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರಿಗೂ ಕಲಾವಿದರಿಗೂ ನೆರವು ಕೊಡುತ್ತಾ ಬಂದಿದೆ. ಜೆ.ಪಿ. ನಗರದ ರಂಗಶಂಕರದಲ್ಲಿ ಮಕ್ಕಳ ನಾಟಕಗಳು ನಡೆಯುತ್ತವೆ. ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರಕ್ಕೆ ಎಷ್ಟು ಪ್ರಶಿಕ್ಷಣಾರ್ಥಿಗಳು ಒಮ್ಮೆಯಾದರೂ ಹೋಗಿದ್ದೀರಿ? ಕೈ ಎತ್ತಿ. ಹಾಂ, ಅಷ್ಟೇ.

ಇನ್ನೊಂದು ವಿಷಯವನ್ನು ಮೆಲ್ಲಗೆ ಹೇಳಿದರೆ ಆಗುವುದಿಲ್ಲ, ನೇರವಾಗಿಯೇ ಹೇಳುತ್ತೇನೆ. ಆಟ ಅಂದರೆ ಮೈ. ನಮ್ಮಲ್ಲಿ ಮೈ ಅಂದರೆ ಗಂಡು-ಹೆಣ್ಣು, ಜಾತಿ, ಸಂಕೋಚ ಎಲ್ಲ ಬರುತ್ತದೆ. 'ಎಲ್ಲರೂ ಕೈ ಕೈ ಹಿಡಿದುಕೊಳ್ಳಿ' ಅಂದಾಗ ಯಾರ ಪಕ್ಕ ಜಾಗ ಖಾಲಿ ಬೀಳುತ್ತದೆ ಅಂತ ನೋಡಿ. ಅದನ್ನು ಕಂಡೂ ಕಾಣದಂತೆ ಆಟ ಮುಂದುವರಿಸುವ ತರಬೇತುದಾರರು ಬಹಳ ಜನ. ಮೊದಲ ದಿನಗಳಲ್ಲಿ ಮುಟ್ಟುವ ಅಗತ್ಯವೇ ಇಲ್ಲದ ಆಟ ಆಡಿಸಿ. ಸೀರೆ ಉಟ್ಟವರು ನೆಲದ ಮೇಲೆ ಉರುಳುವ ಆಟ ಬೇಡ. ಆಡುವುದಿಲ್ಲ ಅಂದವರಿಗೆ ಕೂತು ನೋಡುವ ಕೆಲಸ ಕೊಡಿ, ಏನು ಕಂಡಿತು ಅಂತ ಆಮೇಲೆ ಹೇಳಲಿ. ಕಡ್ಡಾಯವಾಗಿ ಆಡಿಸಿದರೆ ಅದು ಡ್ರಿಲ್ ಆಗುತ್ತದೆ.

ಎಲ್ಲವನ್ನೂ ಆಟದಿಂದಲೇ ಕಲಿಸಬಹುದು ಅಂತ ಹೊರಟವರನ್ನೂ ನಾನು ನಂಬುವುದಿಲ್ಲ. ಮಗ್ಗಿಗೆ ಅಭ್ಯಾಸ ಬೇಕು, ಕಾಗುಣಿತಕ್ಕೆ ಬರೆಯುವುದು ಬೇಕು. ಆಟ ಎಲ್ಲಿ ಬೇಡ ಅನ್ನುವುದೂ ಆಡಿದವರಿಗೇ ಬೇಗ ಗೊತ್ತಾಗುತ್ತದೆ.

ಇಷ್ಟು ನನ್ನ ಮಾತು. ಆಮೇಲೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಒಬ್ಬರು ಕೇಳಿದರು: 'ಸರ್, ಕೆಲಸಕ್ಕೆ ಸೇರಿದ ಮೇಲೆ ಎಚ್.ಎಂ. ಪೋರ್ಷನ್ ಎಲ್ಲಿಗೆ ಬಂತು ಅಂತಾರೆ. ಆಟ ಆಡಿಸ್ತಿದ್ದೀನಿ ಅಂದ್ರೆ ಬೈಯಲ್ವಾ?' ಬೈಯಬಹುದು. ವಾರಕ್ಕೆ ಒಂದು ಪಾಠ ಸಾಕು, ಅದನ್ನು ಚೆನ್ನಾಗಿ ಮಾಡಿ. ಯಾವ ಪಾಠ ಅಂತ ನೀವೇ ಆರಿಸಿಕೊಳ್ಳಿ, ಪ್ರತಿ ವರ್ಷ ಮಕ್ಕಳು ಎಡವುವ ಪಾಠವನ್ನೇ ತೆಗೆದುಕೊಳ್ಳಿ. ಅದನ್ನು ಎರಡನೇ ಸಲ, ಮೂರನೇ ಸಲ ಹೇಳಿಕೊಡುವ ಹೊತ್ತು ಉಳಿದರೆ ಎಚ್.ಎಂ. ಅವರೇ ಕೇಳುತ್ತಾರೆ, ಏನು ಮಾಡಿದಿರಿ ಅಂತ. ಉಳಿಯದಿದ್ದರೆ ಆ ಆಟ ಸರಿಯಿಲ್ಲ, ಬದಲಾಯಿಸಿ.

ಇನ್ನೊಬ್ಬರ ತರಗತಿಯಲ್ಲಿ ಬೆಂಚುಗಳನ್ನು ಜರುಗಿಸಲು ಜಾಗವೇ ಇಲ್ಲ, ಮಕ್ಕಳು ಅರವತ್ತು. ಕೂತಲ್ಲೇ ಆಡುವ ಆಟಗಳು ಬೇಕಾದಷ್ಟಿವೆ. ಕನ್ನಡಿ ಆಟ ಕೈಬೆರಳಲ್ಲೂ ಆಗುತ್ತದೆ. ನೀರಗಂಟಿ ಬೆಂಚಿನ ಸಾಲುಗಳ ನಡುವೆಯೇ ಓಡಾಡಬಹುದು, ಒಂದೊಂದು ಸಾಲು ಒಂದೊಂದು ಗದ್ದೆ. ಗಲಾಟೆ ಆಗುತ್ತದೆ. ಪಕ್ಕದ ತರಗತಿಯ ಟೀಚರಿಗೆ ಮುಂಚೆಯೇ ಹೇಳಿಡಿ, ಸಾಧ್ಯವಾದರೆ ಅವರ ಪಿ.ಟಿ. ಪೀರಿಯಡ್ ಇರುವಾಗ ಇಟ್ಟುಕೊಳ್ಳಿ.

ಕೊನೆಯದು ಒಬ್ಬ ಹಿರಿಯ ಅಧ್ಯಾಪಕಿಯದು. ಇದಕ್ಕೆ ಅಂಕ ಹೇಗೆ ಕೊಡುವುದು? ರೆಕಾರ್ಡ್ ಇಲ್ಲದಿದ್ದರೆ ವಿಶ್ವವಿದ್ಯಾಲಯಕ್ಕೆ ಏನು ತೋರಿಸುವುದು? ನ್ಯಾಯವಾದ ಪ್ರಶ್ನೆ. ರೆಕಾರ್ಡ್ ಇರಲಿ ಮೇಡಂ, ಅದರೊಳಗಿನ ಪುಟ ಬದಲಾಗಲಿ. ಪ್ರತಿ ಆಟದ ಮೇಲೆ ಒಂದೇ ಒಂದು ಪುಟ: ನಾನು ಏನು ಮಾಡಿದೆ, ಯಾರನ್ನು ನೋಡಿದೆ, ಯಾರನ್ನು ನೋಡದೆ ಬಿಟ್ಟೆ, ಮುಂದಿನ ಸಲ ಏನು ಬದಲಾಯಿಸುತ್ತೇನೆ. ಇದನ್ನು ಹಿಂದಿನ ಬ್ಯಾಚಿನಿಂದ ಇಳಿಸಲು ಆಗುವುದಿಲ್ಲ, ಇಳಿಸಿದರೂ ಎರಡು ಸಾಲಿನಲ್ಲಿ ನಿಮಗೆ ಗೊತ್ತಾಗುತ್ತದೆ. ಚೆನ್ನಾಗಿ ಆಡಿದವರಿಗೆ ಜಾಸ್ತಿ ಅಂಕ ಕೊಡಬೇಡಿ, ಚೆನ್ನಾಗಿ ನೋಡಿದವರಿಗೆ ಕೊಡಿ. ಮತ್ತೆ ವೇಳಾಪಟ್ಟಿಯಲ್ಲಿ ಇದಕ್ಕೆ ಎರಡು ಪೀರಿಯಡ್ ಜೋಡಿಸಿ ಇಡಿ. ಒಂದೇ ಪೀರಿಯಡ್ ಇದ್ದರೆ ಆಟ ಮುಗಿದು ಮಾತು ಶುರುವಾಗುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಇಂಟರ್ನ್‌ಶಿಪ್ಪಿಗೆ ಕಳಿಸುವ ಮುಂಚಿನ ತಿಂಗಳಲ್ಲಿ ಆದರೆ ಇನ್ನೂ ಒಳ್ಳೆಯದು, ಮಕ್ಕಳ ಮುಂದೆ ನಿಲ್ಲುವ ಹೊತ್ತಿಗೆ ಕೈಕಾಲಿನ ಬಿಗಿ ಸ್ವಲ್ಪ ಬಿಟ್ಟಿರುತ್ತದೆ.